ಕಾಳು ತೂರದ ಜಾಲರಿ
ನನ್ನ ಗ್ಯಾರೇಜಿಗೆ ಬಂದ ಮಿನೊವಾ-ಸಾನ್ ನನ್ನ ಕೈಯಲ್ಲಿ ಒಂದೇ ಜಾಲರಿಯನ್ನು ನಾಲ್ಕು ಸಲ ಬಿಚ್ಚಿಸಿದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬೂಟು ಬಿಚ್ಚಿಟ್ಟು ಸ್ಪೋರ್ಟ್ಸ್ ಕಾರು ಹತ್ತುವ ಆಸಾಮಿ; ಜಪಾನಿನ ನಮ್ಮ ಗುನ್ಮಾ ಪ್ರಾಂತ್ಯದ ಟ್ರ್ಯಾಕ್ಟರುಗಳೂ ಅವನನ್ನು ಹಿಂದೆ ಹಾಕುತ್ತವೆ. ರೇಡಿಯೇಟರಿನ ಮುಂದೆ ಜಾಲರಿ ಕೂರಿಸಿದ ಕೂಡಲೇ ಜೇಬಿನಿಂದ ಅಝುಕಿ ಅನ್ನೋ ಪುಟ್ಟ ಕೆಂಪು ಕಾಳು ತೆಗೆದು ತೂರಿಸಿ ನೋಡುತ್ತಾನೆ. "ತೂರ್ತು ನೋಡಿ ಮೇಸ್ತ್ರಿ, ಬಿಚ್ಚಿ." "ಗಾಳಿ ಆಡೋದು ಬೇಡ್ವೇನ್ರೀ? ಸೊಳ್ಳೆಪರದೆ ಕಟ್ಟಿಬಿಡ್ಲಾ?" "ಗಾಳಿ ಹೋಗ್ಲಿ, ಕಾಳು ಹೋಗಬಾರದು." ಬೀದಿಯೆಲ್ಲ ಕೇಳುವಂತೆ ಹುಚ್ಚ ಅಂದೆ, ಸೊಂಟ ಬಗ್ಗಿಸಿ ನಮಸ್ಕರಿಸಿದ. ಆಮೇಲೆ ಅವನ ಹೆಂಡತಿ ಹೇಳಿದಳು: ಹೋದ ವರ್ಷ ತಾಯಿಯ ಕೊನೆಯುಸಿರಿನ ಹೊತ್ತಿಗೆ ತಲುಪಬೇಕೆಂದು ಕಾರು ಓಡಿಸುವಾಗ ಕಾಳಿನಷ್ಟು ಕಲ್ಲು ಬಡಿದು ರೇಡಿಯೇಟರ್ ತೂತಾಗಿ, ಘಟ್ಟದಲ್ಲೇ ನಿಂತುಬಿಟ್ಟನಂತೆ; ತಾಯಿ ಜೀವಂತ ಸಿಗಲಿಲ್ಲವಂತೆ. ಅದಕ್ಕೂ ಮೊದಲು ಜಾಲರಿ ಕೇಳಲು ಬಂದಿದ್ದ ಅವನನ್ನು "ದಂಡ ಕಣ್ರೀ, ಹೋಗ್ರೀ" ಎಂದು ಕಳಿಸಿದ್ದವನು ನಾನೇ. ಐದನೇ ಸಲ ಅವನು ಹೇಳುವ ಮೊದಲೇ ನಾನೇ ಕಾಳು ತೂರಿಸಿ ನೋಡಿ ಬಿಚ್ಚಿದೆ. ಕ್ಷಮೆ ಮಾತ್ರ ಇನ್ನೂ ಬಾಕಿ.