ಮೇಜಿನ ಮೇಲಿನ ಹಾರಾಟ

ಬೇರೆ ನಕ್ಷತ್ರದಿಂದ ಭೂಮಿಗಿಳಿದ ಆ ಮಹಾವೀರನ ಉಡುಪು ತಯಾರಾದದ್ದು ದರ್ಜಿ ಅಕ್ಕನ ನಡುಮನೆಯಲ್ಲಿ. ರೇನ್‌ಕೋಟಿನ ಬೆಳ್ಳಿ ಬಣ್ಣದ ಬಟ್ಟೆ, ಹರಿದ ಹಾಸಿಗೆಯಿಂದ ಕಿತ್ತ ಫೋಮು, ಎದೆಯ ಮೇಲೊಂದು ಸೈಕಲ್ ದೀಪ. "ಬಡ ಸಿನಿಮಾ ಅಂತ ಗೊತ್ತಾಗಬಾರದು ಅಕ್ಕಾ" ಎಂದು ನಿರ್ದೇಶಕ ಗೋಗರೆದಿದ್ದ. "ದೂರದಿಂದ ನೋಡಿದ್ರೆ ಗೊತ್ತಾಗಲ್ಲ ಬಿಡಪ್ಪಾ" ಎಂದಿದ್ದಳು ಅವಳು.

ಆ ಉಡುಪು ತೊಡುತ್ತಿದ್ದವನು ಅವಳ ತಮ್ಮ. ಸಿನಿಮಾದವರ ಬಾಯಲ್ಲಿ ಅವನು 'ಸ್ಪ್ರಿಂಗು'. ಮುಖ ಕಾಣುವ ಕಡೆಯೆಲ್ಲ ನಾಯಕನಟ. ಮುಖವಾಡ ಹಾಕಿಕೊಂಡು ಜಿಗಿಯುವುದು, ಬೀಳುವುದು, ಗೋಡೆ ಒಡೆದು ನುಗ್ಗುವುದೆಲ್ಲ ಇವನ ಪಾಲಿಗೆ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕನೇ.

ಪಾಳುಬಿದ್ದ ಗೋದಾಮಿನಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಸೂರಿನ ತೊಲೆಗೆ ಹಗ್ಗ ಕಟ್ಟಿ ತಮ್ಮನನ್ನು ಮೇಲಕ್ಕೆಳೆದಿದ್ದರು. ಅಕ್ಕ ಹರಿದ ಕೈಗವಸಿಗೆ ಹೊಲಿಗೆ ಹಾಕುತ್ತ ಮೂಲೆಯಲ್ಲಿ ಕೂತಿದ್ದಳು. ತೊಲೆಯ ಕೊಂಡಿ ಕಳಚಿತು. ಅವಳು ತಲೆಯೆತ್ತುವಷ್ಟರಲ್ಲಿ ಅವನು ಸಿಮೆಂಟು ನೆಲದ ಮೇಲಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು.

ಕೆಲವು ತಿಂಗಳ ಮೇಲೆ ನಿರ್ದೇಶಕ ಮನೆಗೆ ಬಂದ. ಚಪ್ಪಲಿ ಕಳಚಿ ಬಾಗಿಲಲ್ಲೇ ನಿಂತ.

"ಕೊನೇ ಹಾರಾಟ ಒಂದು ಬಾಕಿ ಇದೆ ಅಕ್ಕಾ. ಬೇರೊಬ್ಬ ಸಿಕ್ಕಿದ್ದಾನೆ. ಸ್ವಲ್ಪ ತೆಳ್ಳಗಿದ್ದಾನೆ. ಉಡುಪು ಬಿಗಿ ಮಾಡಿಕೊಟ್ರೆ..."

ಅವಳಿಗೆ ಮೈಯೆಲ್ಲ ಉರಿಯಿತು. ಮಂಚದ ಮೇಲಿದ್ದ ತಮ್ಮ ಗೋಡೆಯ ಕಡೆ ಮುಖ ತಿರುಗಿಸಿದ.

"ಮಾಡಿಕೊಡು ಅಕ್ಕಾ. ಇಷ್ಟು ದಿನ ಬಿದ್ದೆದ್ದಿದ್ದೆಲ್ಲ ನೀರುಪಾಲಾಗೋದು ಬೇಡ."

ಹೊಲಿಗೆ ಬಿಚ್ಚುವಾಗ ಕತ್ತುಪಟ್ಟಿಯಲ್ಲಿ ತಮ್ಮನ ಬೆವರಿನ ಬಿಳಿ ಗೆರೆ ಇನ್ನೂ ಹಾಗೇ ಇತ್ತು. ಅದನ್ನು ಒಳಗೆ ಮಡಚಿ ಹೊಲಿದಳು.

ಉಡುಪಿನ ಗಂಟು ಹೊತ್ತು ಗೋದಾಮಿಗೆ ಹೋದಾಗ ಹೊಸಬ ಮೇಲೆ ನೋಡುತ್ತಿದ್ದ. ಅದೇ ತೊಲೆ, ಹೊಸ ಹಗ್ಗ. ಕೆಳಗೆ ಬರೀ ನೆಲ. ಅವಳು ಗಂಟಿನ ಮೇಲೆ ಕೂತುಬಿಟ್ಟಳು.

"ಬಲೆ ಕಟ್ಟೋವರೆಗೂ ಇದನ್ನ ಕೊಡಲ್ಲ."

"ಬಲೆ ತರೋ ಶಕ್ತಿ ಇದ್ದಿದ್ರೆ ನಿಮ್ಮ ತಮ್ಮನಿಗೇ ತರ್ತಿದ್ನಲ್ಲಾ ಅಕ್ಕಾ" ಎಂದ ನಿರ್ದೇಶಕ. ಆಡಿದ ಮೇಲೆ ಅವನ ಮುಖ ಕಪ್ಪಿಟ್ಟಿತು. ನಾಯಕನಟ ಹೊತ್ತಾಯಿತೆಂದು ರೇಗಾಡಿದ.

"ಬೈಕೊಳ್ಳಿ ಸ್ವಾಮಿ. ಮನೇಲಿ ಒಬ್ಬನ್ನ ಎತ್ತಿ ಕೂರಿಸ್ತಿದ್ದೀನಿ. ಇನ್ನೊಬ್ಬರ ಮನೇಲೂ ಹಾಗೆ ಎತ್ತೋ ಹಾಗಾಗಬಾರದು."

ಕೊನೆಗೆ ಕ್ಯಾಮೆರಾದವನು ಒಂದು ಉದ್ದ ಮೇಜು ಎಳೆದು ತಂದು, ಆಕಾಶದಂತೆ ಕಾಣಲೆಂದು ನೀಲಿ ಬಟ್ಟೆ ಹೊದಿಸಿದ. ಹೊಸಬ ಅದರ ಮೇಲೆ ಬೋರಲು ಮಲಗಿ ಕೈ ಚಾಚಿದ. ಎದುರಿಗೆ ಫ್ಯಾನು. ಉಡುಪಿನ ಹೆಗಲಿಂದ ಬೆನ್ನಿಗೆ ಇಳಿಬಿಟ್ಟ ಬಟ್ಟೆ ಅಲೆಯಾಡಲೆಂದು ಅಕ್ಕ ಹಿಂದಿನಿಂದ ದಾರ ಜಗ್ಗುತ್ತ ನಿಂತಳು.

ಚಿತ್ರಮಂದಿರದಲ್ಲಿ ಆ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕರು. ಸಾಲಿನ ತುದಿಯಲ್ಲಿ, ಗಾಲಿಕುರ್ಚಿಯಲ್ಲಿದ್ದ ತಮ್ಮನ ಪಕ್ಕ ಅವಳು ತಲೆ ತಗ್ಗಿಸಿದಳು.

"ಹೊಟ್ಟೆ ಮೇಲೆ ಮಲಗಿದ್ದು ಗೊತ್ತಾಗ್ತಿದೆ" ಎಂದ ತಮ್ಮ.

"ಹೂಂ."

"ನಾನು ಹಾರಿದ್ದು?"

"ನೀನು ಹಾರಿದ್ದು ಹಾರಿದ ಹಾಗೇ ಇತ್ತು ಕಣೋ."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ.

ಮರುವಾರ ಹೊಸಬ ಮನೆಗೆ ಬಂದ. ಬೀಳುವುದು ಹೇಗೆಂದು ಕಲಿಸಿಕೊಡಿ ಎಂದು ತಮ್ಮನನ್ನು ಕೇಳಿದ. ಅಕ್ಕ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ಮನೆಯಲ್ಲಿದ್ದ ಹಾಸಿಗೆಗಳನ್ನೆಲ್ಲ ತಂದು ನೆಲಕ್ಕೆ ಹಾಸಿದಳು.