ದಸ್ತಿ ಒಗೆಯುವ ಮಾತು

ನಮ್ಮ ರಾಯಚೂರು ಕಡೆ ‘ಒಗಿ’ ಎಂಬ ಮಾತಿಗೆ ಎರಡು ಅರ್ಥ. ಬಟ್ಟೆಯನ್ನು ನೀರಿನಲ್ಲಿ ತಿಕ್ಕುವುದೂ ಒಗೆಯುವುದೇ, ಕಲ್ಲು ಎಸೆಯುವುದೂ ಒಗೆಯುವುದೇ. ಯಾವಾಗ ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ‘ದಸ್ತಿ ಒಗಿ’ ಎಂದರೆ ಒಂದೇ ಅರ್ಥ: ಟವೆಲ್ಲೋ ಕರವಸ್ತ್ರವೋ ಕಿಟಕಿಯೊಳಗೆ ಎಸೆದು ಸೀಟು ಹಿಡಿ. ದಸ್ತಿ ಬಿದ್ದ ಸೀಟು ದಸ್ತಿಯವರದು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ನಾಡಿನಲ್ಲಿ, ಬೆವರು ನಾರುವ ಈ ತುಂಡು ಬಟ್ಟೆಯ ಹಕ್ಕನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ದೇವರು ನನಗೆ ನಾಲಿಗೆ ಉದ್ದ ಕೊಟ್ಟು ಕೈ ಗಿಡ್ಡ ಮಾಡಿದ. ನಾನು ಎಸೆದ ದಸ್ತಿ ಕಿಟಕಿಯ ಸರಳಿಗೆ ಬಡಿದು ನನ್ನ ಮುಖಕ್ಕೇ ವಾಪಸ್ಸು ಬರುತ್ತಿತ್ತು. ಮನೆ ರಾಯಚೂರಿನಲ್ಲಿ, ಕಲಿಸುವ ಶಾಲೆ ದೇವದುರ್ಗದಲ್ಲಿ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಬೇರೆ ವರ್ಷವಾಗಿದ್ದರೆ ಕಂಬಿ ಹಿಡಿದು ನಿಂತು, ಎಲ್ಲರನ್ನೂ ಬೈದುಕೊಳ್ಳುತ್ತ ಹೋಗುತ್ತಿದ್ದೆ. ಆ ವರ್ಷ ನಾನು ಬಸುರಿ. ಹಿಂದಿನ ಸಲದ್ದು ಉಳಿದಿರಲಿಲ್ಲ. ಕೂತು ಹೋಗುವುದಾದರೆ ಹೋಗಿ, ನಿಂತು ಹೋಗುವುದಾದರೆ ಮನೆಯಲ್ಲಿರಿ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ಪರೀಕ್ಷೆ ಮುಗಿಯುವ ತನಕ ಬಂದರೆ ಹೆರಿಗೆಯ ನಂತರ ಮತ್ತೆ ತೆಗೆದುಕೊಳ್ಳುತ್ತೇವೆ, ನಡುವೆ ಬಿಟ್ಟರೆ ಜಾಗ ಬೇರೆಯವರಿಗೆ ಎಂದು ಶಾಲೆಯವರು ಅಷ್ಟೇ ಖಡಾಖಂಡಿತ ಹೇಳಿದ್ದರು. ನನಗೆ ಎರಡೂ ಬೇಕಿತ್ತು, ಕೂಸೂ ಬೇಕು, ನೌಕರಿಯೂ ಬೇಕು.

ಇವೆರಡರ ನಡುವೆ ನಮ್ಮತ್ತೆ. ಮಲ್ಲಟ ಹಳ್ಳಿಯ ಹೆಣ್ಣು, ಮಾತು ಕಡಿಮೆ, ತೂಕ ಜಾಸ್ತಿ.

“ನಿಂತು ಹೋದಿ ಅಂದ್ರ ಅವತ್ತಿಗೇ ನೌಕರಿ ಬಂದ್,” ಎಂದುಬಿಟ್ಟರು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಪ್ರಶ್ನೆ: “ಕುಂತು ಹೋದೇನು?”

ಸುಳ್ಳು ಹೇಳುವುದರಲ್ಲಿ ನಾನೇನು ಕಡಿಮೆಯವಳಲ್ಲ. ಆದರೆ ಹೊಟ್ಟೆಯಲ್ಲಿರುವ ಜೀವದ ವಿಷಯದಲ್ಲಿ ಸುಳ್ಳಾಡಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ಬೆಳಗ್ಗೆ ಬಸ್ಸಿನ ಹಿಂದೆ ಬಗ್ಗಿ ವಾಂತಿ ಮಾಡುತ್ತಿದ್ದಾಗ ಯಾರೋ ಬೆನ್ನು ಸವರಿದರು. ನೋಡಿದರೆ, ಕಿಟಕಿ ಕಿಟಕಿಗೆ ಬಾಳೆಹಣ್ಣು ಮಾರುವ ಖಾಲಾ. ಖಾಲಾ ಎಂದರೆ ಚಿಕ್ಕಮ್ಮ. ಸ್ಟ್ಯಾಂಡಿನವರಿಗೆಲ್ಲ ಆಕೆ ಅದೇ. ಎತ್ತರದ ಆಳು, ಗಂಟುಮುಖ, ಗಿರಾಕಿಗಳನ್ನು ಬೈದೇ ಹಣ್ಣು ಕೊಡುವವಳು. ನೀರು ಕೊಟ್ಟಳು. ನಾನು ಬಾಯಿ ತೊಳೆದು, ಹೊರಗಿನ ಯಾರಿಗೂ ಹೇಳದಿದ್ದನ್ನು ಆಕೆಗೆ ಹೇಳಿಬಿಟ್ಟೆ: “ಖಾಲಾ, ಹೋದ ಸಲದ್ದು ಉಳೀಲಿಲ್ಲ. ಈ ಸಲ ಏನಾಗ್ತದೋ ಅಂತ ಹೆದರಿಕಿ ಆಗ್ಯಾದ.”

ಖಾಲಾ ಬುಟ್ಟಿಯನ್ನು ಕೆಳಗಿಟ್ಟಳು. ಬುಟ್ಟಿ ಹೊರಲು ತಲೆಯ ಮೇಲೆ ಸಿಂಬಿ ಸುತ್ತಿಕೊಂಡಿದ್ದ ಹಸಿರು ಚೌಕಳಿಯ ದಸ್ತಿಯನ್ನು ಬಿಚ್ಚಿ, ಆಗಷ್ಟೇ ಬಂದು ನಿಲ್ಲುತ್ತಿದ್ದ ದೇವದುರ್ಗ ಬಸ್ಸಿನ ಕಿಟಕಿಗೆ ಒಗೆದಳು. ಅದು ಹೋಗಿ ಮುಂದಿನ ಸೀಟಿನ ಮೇಲೆ ನೀಟಾಗಿ ಬಿತ್ತು. “ಏನ್ ನೋಡ್ತೀರಿ ಟೀಚರ್, ಜಲ್ದಿ ಹತ್ರಿ,” ಎಂದು ನನ್ನನ್ನೂ ಬೈದಳು. ನಾನು ಕೂತು, ಕಿಟಕಿಯಿಂದ ದಸ್ತಿ ವಾಪಸ್ಸು ಕೊಟ್ಟೆ. ಅಂದಿನಿಂದ ದಿನಾ ಇದೇ ನಡೆಯಿತು. ಬಸುರಿನ ಮಾತನ್ನು ಆಕೆ ಮತ್ತೆಂದೂ ಎತ್ತಲಿಲ್ಲ. ಮರೆತಿರಬೇಕು ಎಂದುಕೊಂಡೆ.

ತೊಂದರೆ ಇದ್ದದ್ದು ದಸ್ತಿಯಲ್ಲಲ್ಲ, ಖಾಲಾಳ ಬಾಯಲ್ಲಿ. ಗಟ್ಟಿಮುಟ್ಟಾದ ಹೆಂಗಸಿಗೆ ದಿನಾ ಸೀಟೇಕೆ ಎಂದು ಯಾರಾದರೂ ಗೊಣಗಿದರೆ, ಕಿಟಕಿಯಲ್ಲಿ ಮುಖ ತೂರಿಸಿ ಒಂದು ಕಥೆ ಹೊಡೆಯುತ್ತಿದ್ದಳು. ಒಂದು ದಿನ, “ಇವರು ಪೊಲೀಸ್ ಸಾಹೇಬರ ಮನಿಯವರು, ನೋಡ್ಕೊಂಡು ಮಾತಾಡ್ರಿ.” ನನ್ನ ಗಂಡನೋ ಬಳೆ ಅಂಗಡಿಯವನು, ಪೊಲೀಸರನ್ನು ಕಂಡರೆ ರಸ್ತೆ ದಾಟುವವನು. ಇನ್ನೊಂದು ದಿನ, “ಇವರಿಗಿ ಮೂರ್ಛಿ ರೋಗ ಅದ, ಬಿದ್ರ ನೀವ ಎತ್ತಬೇಕು.” ಮತ್ತೊಂದು ದಿನ ದನಿ ತಗ್ಗಿಸಿ, ಆದರೆ ಇಡೀ ಬಸ್ಸಿಗೆ ಕೇಳುವ ಹಾಗೆ, “ಅತ್ತಿ ಕಾಟಕ್ಕ ತಲಿ ಕೆಟ್ಟದ ಪಾಪ. ಒಮ್ಮೊಮ್ಮೆ ಕಚ್ಚತಾರ.”

ಗಬ್ಬೂರು ದಾಟುವ ತನಕ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಕಂಡಕ್ಟರು ಟಿಕೆಟನ್ನು ಎರಡು ಬೆರಳಿನ ತುದಿಯಲ್ಲಿ ದೂರದಿಂದ ಚಾಚಿದ. ನನಗೆ ಮೈಯೆಲ್ಲ ಉರಿಯಿತು. “ಬಸರಿ ಅಂತ ಖರೇ ಹೇಳಿದ್ರ ಇವಳಪ್ಪನ ಗಂಟೇನು ಹೋಗ್ತದ?” ಎಂದು ದೇವದುರ್ಗ ಬರುವ ತನಕ ಗೊಣಗಿದೆ. ಹಾಗಂತ ಮರುದಿನ ಸೀಟು ಬೇಡವೆನ್ನಲಿಲ್ಲ.

ಆ ನಡುವೆ ಮಂಡ್ಯ ಕಡೆಯಿಂದ ಒಬ್ಬ ಹೊಸ ಮೇಡಂ ನಮ್ಮ ಶಾಲೆಗೆ ಬಂದರು. ಕಚ್ಚುತ್ತೇನೆಂಬ ಸುದ್ದಿ ತಿಳಿಯದ ಕಾರಣ ಧೈರ್ಯವಾಗಿ ನನ್ನ ಪಕ್ಕ, ಕಿಟಕಿಯ ಕಡೆ ಕೂತರು. ಖಾಲಾಗೆ ವಾಪಸ್ಸು ಕೊಡಲೆಂದು ನಾನು ದಾಟಿಸಿದ ದಸ್ತಿ ಅವರ ಕೈಯಲ್ಲಿತ್ತು. ಬಸ್ಸು ಹೊರಟೇಬಿಟ್ಟಿತು. ಖಾಲಾ ಬುಟ್ಟಿ ಬಿಟ್ಟು ಹಿಂದೆ ಓಡುತ್ತ, “ಒಗೀರಿ! ದಸ್ತಿ ಒಗೀರಿ!” ಎಂದು ಅರಚಿದಳು. ನಾನೂ, “ಒಗೀರಿ ಮೇಡಂ, ಜಲ್ದಿ ಒಗೀರಿ,” ಎಂದೆ.

“ಅಯ್ಯೋ, ಅಷ್ಟ್ಯಾಕೆ ಕೂಗಾಡ್ತಾರೆ? ಮನೆಗೆ ಹೋಗ್ಬಿಟ್ಟು ಒಗೆದ್ಕೊಡ್ತೀನಿ ಬಿಡಿ,” ಎಂದು ಮೇಡಂ ದಸ್ತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಮಾತು ತಪ್ಪದ ಹೆಂಗಸು. ಸೋಪಿನ ಪುಡಿಯಲ್ಲಿ ನೆನೆಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ತಂದರು. ಖಾಲಾ ಅದನ್ನು ಸಿಂಬಿ ಸುತ್ತಲು ಹೋದರೆ ಪಟ್ಟನೆ ಬಿಚ್ಚಿಕೊಳ್ಳುತ್ತಿತ್ತು. ಬುಟ್ಟಿ ಮೂರು ಕಡೆ ವಾಲಿತು. “ದಸ್ತಿ ಕೊಟ್ರ ಹಪ್ಪಳ ಮಾಡಿ ತಂದೀರಲ್ಲಬೇ!” ಎಂದು ಹಣೆ ಬಡಿದುಕೊಂಡಳು. ಮೇಡಂ ಅದನ್ನು ಹೊಗಳಿಕೆ ಎಂದುಕೊಂಡು ನಕ್ಕರು.

ನನ್ನ ಹುಚ್ಚಿನ ಸುದ್ದಿ ಮಾತ್ರ ಬಸ್ಸಿನಲ್ಲೇ ಉಳಿಯಲಿಲ್ಲ. ಮಲ್ಲಟದ ನೆಂಟರೊಬ್ಬರು ಅದನ್ನು ನಮ್ಮತ್ತೆಗೆ ಮುಟ್ಟಿಸಿದರು. ಸಂಜೆ ಮನೆಗೆ ಬಂದರೆ ‘ಕುಂತು ಹೋದೇನು’ ಎಂಬ ಪ್ರಶ್ನೆಯೇ ಇಲ್ಲ. ಅತ್ತೆ ಜಗಲಿಯ ಮೇಲೆ ನನಗಾಗಿಯೇ ಕಾಯುತ್ತ ಕೂತಿದ್ದರು. “ನಾ ನಿನಗ ಕಾಟ ಕೊಡ್ತೀನೇನು? ನಾಳಿ ನಾನೂ ಬರ್ತೀನಿ. ಆಕಿ ನಾಲಿಗಿ ಎಷ್ಟುದ್ದ ಅದ ನೋಡೇಬಿಡ್ತೀನಿ.”

ಇನ್ನು ಮುಗಿಯಿತು ಎಂದುಕೊಂಡೆ. ಜಗಳವಾದರೆ ದಸ್ತಿ ಹೋಯಿತು, ದಸ್ತಿ ಹೋದರೆ ಸೀಟು ಹೋಯಿತು, ಸೀಟು ಹೋದರೆ ನೌಕರಿ ಹೋಯಿತು. ಪರೀಕ್ಷೆಗೆ ಇನ್ನೂ ದಿನಗಳಿದ್ದವು.

ಮರುದಿನ ಖಾಲಾ ಎಂದಿನಂತೆ ದಸ್ತಿ ಒಗೆದಳು, ನಾನು ಹತ್ತಿ ಕೂತೆ. ಕೆಳಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಅವಳಿಗೆ ಅಡ್ಡ ನಿಂತರು. “ಯಾಕಬೇ, ನನ್ನ ಸೊಸಿ ಹುಚ್ಚೀ ಅಂತ ಊರೆಲ್ಲ ಸಾರಾಕತ್ತೀ?”

ಖಾಲಾ ಅತ್ತೆಯ ರಟ್ಟೆ ಹಿಡಿದು ನನ್ನ ಕಿಟಕಿಯ ಕೆಳಗೇ ಎಳೆದುಕೊಂಡು ಬಂದಳು. ಆಕೆ ಪಿಸುಮಾತು ಆಡಬಲ್ಲಳೆಂದು ನನಗೆ ಅಂದೇ ಗೊತ್ತಾದದ್ದು.

“ಯವ್ವಾ, ಇಷ್ಟು ಮಂದಿ ಮುಂದ ಬಸರಿ ಅಂತ ಹ್ಯಾಂಗ ಒದರಲಿ? ಯಾರದರೆ ಕೆಟ್ಟ ಕಣ್ಣು ಬಿದ್ದು ನಜರ್ ಹತ್ತಲ್ಲೇನ್ರೀ? ಒಂದು ಹೋಗ್ಯಾದ ಆಕಿಗಿ. ಹುಚ್ಚಿಗಿ ಯಾರು ನಜರ್ ಹಾಕ್ತಾರ ಹೇಳ್ರಿ.”

ನಾನು ಮುಖ ಆ ಕಡೆ ತಿರುಗಿಸಿದೆ. ಹಾಳು ಕಣ್ಣು, ಬೇಡವೆಂದರೂ ತುಂಬಿಕೊಂಡಿತು. ಇಷ್ಟು ದಿನ ಯಾರ ಸುಳ್ಳಿಗೆ ಉರಿದುಬಿದ್ದಿದ್ದೆನೋ, ಆ ಸುಳ್ಳುಗಳೆಲ್ಲ ನನ್ನ ಕೂಸಿಗೆ ಹೊದಿಸಿದ ದುಪ್ಪಟಿಯಾಗಿದ್ದವು.

ಅಷ್ಟರಲ್ಲಿ ಬಸ್ಸಿನೊಳಗಿಂದ ಒಬ್ಬ ಯಜಮಾನರು ತಲೆ ಹಾಕಿ ಅತ್ತೆಯನ್ನು ಕೇಳಿದರು: “ಏನವಾ, ನಿನ್ನ ಸೊಸಿಗಿ ಖರೇನ ಹುಚ್ಚೇನು?”

ಅತ್ತೆ ಒಮ್ಮೆ ನನ್ನ ಕಿಟಕಿಯ ಕಡೆ ನೋಡಿದರು. ಮಲ್ಲಟದಲ್ಲಿ ಒಳ್ಳೆಯ ಅತ್ತೆ ಎನ್ನಿಸಿಕೊಳ್ಳಲು ಅವರು ಏನೆಲ್ಲ ನುಂಗಿಕೊಂಡಿದ್ದರು ಎಂಬುದು ನನಗೆ ಗೊತ್ತಿತ್ತು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರು: “ಹೌದ್ರಿ ಯಪ್ಪಾ! ನಾನ ಕಾಟ ಕೊಟ್ಟು ಕೆಡಿಸೀನಿ. ಮನ್ಯಾಗ ನನಗೂ ಕಚ್ಯಾಳ. ದೂರ ಸರದು ಕುಂಡ್ರರಿ!”

ಖಾಲಾ ನಗು ತಡೆಯಲಾರದೆ ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡಳು.

ಪರೀಕ್ಷೆಯ ಕೊನೆಯ ದಿನದ ತನಕ ನಾನು ಕೂತೇ ಹೋದೆ. ಅಂದು ದಸ್ತಿ ವಾಪಸ್ಸು ಕೊಡಲು ಕೈ ಚಾಚಿದರೆ ಖಾಲಾ ಹಿಂದೆ ಸರಿದಳು. ಗಂಜಿಯೆಲ್ಲ ಬಿಟ್ಟು, ಬುಟ್ಟಿಯ ಭಾರಕ್ಕೆ ಅದು ಮತ್ತೆ ಹತ್ತಿಯಂತೆ ಮೆತ್ತಗಾಗಿತ್ತು. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ, ಹಳೆಯದರಲ್ಲೇ ಸುತ್ತುತ್ತಾರೆ. “ಅವತ್ತಿಗಿ ಇರಲಿ,” ಎಂದಳು. “ನನ್ನ ಕಡೆ ಒಗೀಬ್ಯಾಡ್ರಿ. ಆ ಮಂಡ್ಯ ಮೇಡಮ್ಮಿಗಿ ಒಗ್ಯಾಕಂತೂ ಕೊಡಲೇಬ್ಯಾಡ್ರಿ.”

ಮಗಳನ್ನು ಅದರಲ್ಲೇ ಸುತ್ತಿದೆವು. ಈಗ ಓಡಾಡುವ ವಯಸ್ಸು, ಆ ದಸ್ತಿ ಇಲ್ಲದೆ ಎಲ್ಲಿಗೂ ಬರುವುದಿಲ್ಲ. ನಾಲಿಗೆ ನನ್ನದೇ.

ಮೊನ್ನೆ ಮಾನ್ವಿಯಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿಕೊಂಡು ರಾಯಚೂರು ಬಸ್ಸಿಗೆ ನಿಂತಿದ್ದೆವು. ನಮ್ಮ ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹುಡುಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಂದ ಬಸ್ಸಿನ ನೂಕುನುಗ್ಗಲು ನೋಡಿ ಬಿಳಿಚಿಕೊಂಡಿದ್ದಳು. ದಸ್ತಿ ಒಗೆಯೋಣವೆಂದರೆ ಮಗಳು ಬಿಡಲೊಲ್ಲಳು. ನನ್ನ ಕೈಯಂತೂ ಇನ್ನೂ ಗಿಡ್ಡವೇ. ದಸ್ತಿಯ ಸಮೇತ ಮಗಳನ್ನೇ ಎತ್ತಿ ಮುಂದಿನ ಬಾಗಿಲಲ್ಲಿದ್ದ ಯಾರೋ ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಅವಳನ್ನು ಖಾಲಿ ಸೀಟಿನ ಮೇಲೆ ಕೂರಿಸಿತು. ಮಗಳು ಕಾಲು ಚಾಚಿ, ಅಪ್ಪನ ಮನೆಯ ಮಂಚವೆಂಬಂತೆ ಮಲಗಿಯೇಬಿಟ್ಟಳು. ಆ ಹುಡುಗಿಯನ್ನು ಮುಂದೆ ದಬ್ಬಿಕೊಂಡು ಹತ್ತುತ್ತ ನಾನು ಕೂಗಿದೆ: “ಸರೀರಿ, ಸರೀರಿ! ಈಕಿಗಿ ತಲಿ ಸರಿ ಇಲ್ಲ, ಕಚ್ಚತಾಳ!”

ಹುಡುಗಿ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ನೋಡಲಿ. ಆಕೆಗೆ ನಿಜವಾಗಿ ಏನಾಗಿತ್ತು ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಓದುವವರು ನೀವೂ ಬಹಳ ಮಂದಿ ಇರುತ್ತೀರಿ, ನಜರ್ ಹತ್ತೀತು.