ಸಿರಿಯ ಮದರ್ ಟಂಗ್, ಮಹೇಶನ ಕಲ್ಲು

‘ನಿಮ್ಮ ಮಗಳ ಮದರ್ ಟಂಗ್ ಹಿಂದಿನೋ, ತಮಿಳೋ?’

ಕನ್ನಡ ಅಂದೆ. ಹೌಗಾಂಗ್‌ನಲ್ಲಿ ನಮ್ಮ ಬ್ಲಾಕಿನ ಹತ್ತಿರದ ಶಾಲೆಯ ಆಫೀಸು ಅದು. ಮೇಜಿನ ಆಚೆಗಿದ್ದ ಹೆಂಗಸು ನಕ್ಕಳು. ಒಳ್ಳೆಯ ನಗುವೇ. ‘ಕನ್ನಡ ಕಲಿಸೋದಿಲ್ಲ ಮೇಡಂ, ಬೇರೆ ಆರಿಸಿ, ಸೋಮವಾರ ಬಂದು ಹೇಳಿ’ ಎಂದು ಇಂಗ್ಲಿಷಿನಲ್ಲಿ ಹೇಳಿ ಕಳಿಸಿದಳು. ಸಿಂಗಾಪುರದ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆ ಮಕ್ಕಳು ಒಂದು ಮಾತೃಭಾಷೆಯನ್ನೂ ಕಲಿಯಬೇಕು. (ಅದು ಮಾತೆಗೆ ಗೊತ್ತಿರಲೇಬೇಕು ಅಂತೇನಿಲ್ಲ.)

ಮನೆಗೆ ಬಂದು ಗಂಡನಿಗೆ ಹೇಳಿದೆ. ಮಹೇಶ ಲ್ಯಾಪ್‌ಟಾಪಿನಿಂದ ತಲೆಯನ್ನೇ ಎತ್ತಲಿಲ್ಲ. ‘ಹಿಂದಿ ಹಾಕು’ ಅಂದ.

ಹಿಂದಿ! ಬೆಂಗಳೂರಿನ ಎಟಿಎಂನಲ್ಲಿ ಕನ್ನಡ ಕಾಣದಿದ್ದರೆ ಇಲ್ಲಿಂದಲೇ ಫೇಸ್‌ಬುಕ್ಕಿನಲ್ಲಿ ಕೂಗಾಡುವ ಗಂಡಸು ಇವನು. ಅದನ್ನೇ ಅವನಿಗೆ ನೆನಪಿಸಿದೆ.

‘ಅದು ಅಲ್ಲಿ, ಇದು ಇಲ್ಲಿ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು.’

‘ಪ್ರಾಕ್ಟಿಕಲ್ ಅಂದ್ರೆ ತಮಿಳೇ ಅಲ್ವಾ? ಕೆಳಗೆ ಬಿಲ್ಡಿಂಗಿನ ಅಡಿ ವಾಯ್ಡ್ ಡೆಕ್ಕಲ್ಲಿ ಸಿರಿ ಜೊತೆ ಆಡೋ ಮಕ್ಕಳೆಲ್ಲ ಮನೇಲಿ ತಮಿಳೇ ಮಾತಾಡ್ತಾರೆ.’

ಲ್ಯಾಪ್‌ಟಾಪ್ ಪಟ್ ಅಂತ ಮುಚ್ಚಿಕೊಂಡಿತು. ‘ನನ್ನ ಮಗಳು ತಮಿಳು ಕಲೀಬೇಕಾ? ನಾನು ಬದುಕಿರೋವರ್ಗೂ ಆಗಲ್ಲ.’

ಮಹೇಶನ ಕಲ್ಲಿನ ಕಥೆ ನಿಮಗೆ ಗೊತ್ತಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ ಗೊತ್ತು. ಅವನು ಮಂಡ್ಯದ ಕಡೆಯವನು. ಕಾವೇರಿ ಗಲಾಟೆಯ ವಾರ, ಹತ್ತು ವರ್ಷದ ಹುಡುಗ, ಹೈವೇಯಲ್ಲಿ ತಮಿಳುನಾಡಿನ ಬಸ್ಸಿಗೆ ಕಲ್ಲು ಬೀಸಿದ. ಗಾಜು ಪುಡಿಪುಡಿ! ದೊಡ್ಡವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಂಗಡಿಯವನು ಪುಕ್ಕಟೆ ಗೋಲಿ ಸೋಡ ಕೊಟ್ಟ. ಸೋಡದ ಭಾಗ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಬಿಸಿಬೇಳೆಬಾತ್ ತರುವ ನೆಪ ಮಾಡಿ ಒಳಗೆ ಹೋಗುತ್ತೇನೆ.

ಯಾಕೆ ಅಂತ ಅವನು ಒಮ್ಮೆಯೂ ಕೇಳಿರಲಿಲ್ಲ. ಆವತ್ತು ನಾನೇ ಹೇಳಿದೆ.

ಅದೇ ಗಲಾಟೆ, ಅದೇ ವಾರ. ಬೆಂಗಳೂರಿನ ನಮ್ಮ ವಠಾರದಲ್ಲಿ ಪಕ್ಕದ ಮನೆ ಸೆಲ್ವಿ ಆಂಟಿಯದು. ಅವರ ಮಗಳು ಕಲಾ ನನ್ನ ಕ್ಲಾಸ್‌ಮೇಟ್. ಕನ್ನಡದಲ್ಲಿ ನನಗಿಂತ ಅವಳಿಗೇ ಜಾಸ್ತಿ ಮಾರ್ಕ್ಸು. ಸಂಜೆ ಬೀದಿಗೆ ಗುಂಪು ಬಂತು, ತಮಿಳರ ಮನೆ ಯಾವುದು ಎಂದು ಕೇಳುತ್ತಾ. ನಮ್ಮಮ್ಮ ಆ ತಾಯಿ ಮಗಳಿಬ್ಬರನ್ನೂ ನಮ್ಮ ಅಡುಗೆಮನೆಗೆ ಎಳೆದುಕೊಂಡಳು. ಅಪ್ಪ ಬಾಗಿಲಲ್ಲಿ ನಿಂತ. ಹೆದರಿದರೆ ಕಲಾಳ ಬಾಯಿಗೆ ತಮಿಳೇ ಬರುತ್ತಿತ್ತು. ಅಮ್ಮ ನನ್ನ ಕೈ ಹಿಡಿದು ಅವಳ ಬಾಯಿಯ ಮೇಲಿಟ್ಟಳು. ‘ತೆಗೀಬೇಡ’ ಅಂದಳು.

ತೆಗೆಯಲಿಲ್ಲ. ಹೊರಗೆ ಅಪ್ಪ, ‘ಇಲ್ಲಿ ಯಾರೂ ಇಲ್ರಪ್ಪ, ಎಲ್ಲಾ ನಮ್ಮೋರೇ’ ಅನ್ನುತ್ತಿದ್ದ. ಅವನ ದನಿ ನಡುಗುತ್ತಿತ್ತು. ಅಪ್ಪನಿಗೂ ಭಯವಾಗುತ್ತದೆ ಅಂತ ನನಗೆ ಗೊತ್ತಾದದ್ದೇ ಆವತ್ತು. ನನ್ನ ಅಂಗೈ ಪೂರ್ತಿ ಒದ್ದೆಯಾಗಿತ್ತು. ಕೊನೆಗೆ ಗುಂಪು ಮುಂದೆ ಹೋಯಿತು. ಆಮೇಲೆ ಸೆಲ್ವಿ ಆಂಟಿ ಮನೆ ಖಾಲಿ ಮಾಡಿದರು. ಹೊರಡುವಾಗ ಕಲಾ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಹಾಗಾದರೆ ಕಾವೇರಿ? ನಮ್ಮದೇ ಕಣ್ರೀ! ನೀರಿನ ವಿಷಯದಲ್ಲಿ ನಾನು ಇವತ್ತಿಗೂ ಕರ್ನಾಟಕದ ಪರವೇ. ಆದರೆ ಭಾಷಣ ಯಾವ ಪಕ್ಷದ್ದೇ ಇರಲಿ, ಅದನ್ನು ಕೇಳಿ ಯಾರ ಮನೆಯ ಮಗು ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ ಅಂತ ಮೊದಲು ಯೋಚಿಸುತ್ತೇನೆ. ನನ್ನ ರಾಜಕೀಯ ಇಷ್ಟೇ. ಅದನ್ನು ಅಡುಗೆಮನೆಯಲ್ಲಿ ಕಲಿತೆ. ಮಹೇಶ ಅವನದನ್ನು ಹೈವೇಯಲ್ಲಿ ಕಲಿತ, ಗೋಲಿ ಸೋಡ ಕುಡಿಯುತ್ತಾ.

‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?’ ಅಂದ.

‘ನಿನ್ನ ಕಥೆ ಮುಗಿದ್ರೆ ತಾನೇ?’

ಅವನಿಗೆ ರೇಗಿಹೋಯಿತು. ‘ನಾನಾಗ ಚಿಕ್ಕೋನು ಕಣೇ! ನಮ್ಮ ಕಡೆಯೋರ ಹೊಟ್ಟೆ ಎಷ್ಟು ಉರೀತಿತ್ತು ಅಂತ ನಿಂಗೇನು ಗೊತ್ತು?’

ಅವನು ಹೇಳಿದ್ದೂ ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ.

‘ಕಲಾನೂ ಚಿಕ್ಕೋಳೇ’ ಅಂದೆ.

‘ಅಪ್ಪಾ, ಶೌಟ್ ಮಾಡ್ಬೇಡ ಲಾ!’ ರೂಮಿನೊಳಗಿಂದ ಸಿರಿ ಸಿಂಗಾಪುರದ ‘ಲಾ’ ಸೇರಿಸಿ ಕೂಗಿದಳು. ಇಬ್ಬರೂ ದನಿ ತಗ್ಗಿಸಿದೆವು.

‘ಆ ಬಸ್ಸಲ್ಲಿ ಯಾರಿದ್ರು ಮಹೇಶ?’

‘ಯಾವ ಬಸ್ಸು?’

‘ನಿನ್ನ ಕಲ್ಲು ಬಿತ್ತಲ್ಲ, ಆ ಬಸ್ಸು.’

ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

ಸೋಮವಾರ ಶಾಲೆಗೆ ಹೋಗಿ ತಮಿಳು ಅಂತ ಹೇಳಿ ಬಂದೆ. ಮಹೇಶ ಹೂಂ ಅಂದಿರಲಿಲ್ಲ, ತಡೆಯಲೂ ಇಲ್ಲ. ಈಗ ಮನೆಯಲ್ಲಿ ಮಾತೆಂದರೆ ‘ಉಪ್ಪು ಕೊಡು’, ‘ಲೈಟ್ ಆರಿಸು’, ಅಷ್ಟೇ. ಇದು ಹೀಗೇ ಉಳಿದುಬಿಡುತ್ತದೋ ಅಂತ ನನಗೆ ಭಯವೂ ಇದೆ. ಗೆದ್ದೆ ಅಂತ ಖಂಡಿತ ಅನ್ನಿಸುತ್ತಿಲ್ಲ.

ಈ ಶನಿವಾರ ಬುಕಿತ್ ಬಾಟೋಕ್‌ನಿಂದ ಅವನ ಗೆಳೆಯರು ಊಟಕ್ಕೆ ಬರುತ್ತಾರೆ. ಯಾರಾದರೊಬ್ಬರು ‘ಮಹೇಶ, ಆ ಕಲ್ಲಿನ ಕಥೆ ಹೇಳೋ’ ಅಂದೇ ಅನ್ನುತ್ತಾರೆ. ಈ ಸಲ ನಾನು ಒಳಗೆ ಹೋಗುವುದಿಲ್ಲ. ಅವನ ಎದುರಿಗೇ ಕೂರುತ್ತೇನೆ.

ಗೋಲಿ ಸೋಡದ ಭಾಗ ಬಂದಾಗ ಮಹೇಶ ಯಾರ ಮುಖ ನೋಡುತ್ತಾನೆ?